ಅಮ್ಮನ ಜೊತೆ ಪಶುಪತಿನಾಥ, ಮುಕ್ತಿನಾಥ. ಆಮೇಲೆ ನಾನು ಅನ್ನಪೂರ್ಣ ಬೇಸ್ ಕ್ಯಾಂಪ್. ಈ ಪಟ್ಟಿ ಸರಿಯಿದೆಯಾ?

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ಅಪ್ಪ ಹೋಗಿ ಎರಡು ವರ್ಷವಾಯಿತು. ನಮ್ಮ ದೇವರ ಗೂಡಿನಲ್ಲಿ ಅಜ್ಜನ ಕಾಲದ ಒಂದು ಸಾಲಿಗ್ರಾಮ ಇದೆ. ಅದಕ್ಕೆ ಅಭಿಷೇಕ ಮಾಡುವಾಗಲೆಲ್ಲ ಅಪ್ಪ "ಇದು ಹುಟ್ಟಿದ ನದಿಯನ್ನು ಒಂದು ಸಲ ನೋಡಬೇಕು" ಅನ್ನುತ್ತಿದ್ದರು. ಆಗಲಿಲ್ಲ. ಈ ಸಲ ಅಮ್ಮನನ್ನಾದರೂ ಗಂಡಕಿ ನದಿಗೆ, ಮುಕ್ತಿನಾಥಕ್ಕೆ ಕರೆದುಕೊಂಡು ಹೋಗಬೇಕು ಎಂದು ನಾನೂ ತಮ್ಮನೂ ಮನಸ್ಸು ಮಾಡಿದ್ದೇವೆ. ಅಮ್ಮನಿಗೆ 68. ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ, ಮಂಡಿ ನೋವಿದೆ, ಆದರೆ ದಿನಾ ಸಂಜೆ ಒಂದು ಗಂಟೆ ನಡೆಯುತ್ತಾರೆ.

ಒಬ್ಬ ಏಜೆಂಟರು ಕೊಟ್ಟ ನೇಪಾಳ ಪ್ರವಾಸದ ಪಟ್ಟಿ ಹೀಗಿದೆ. ಮೊದಲ ದಿನ ಕಾಠ್ಮಂಡು ತಲುಪುವುದು. ಎರಡನೇ ದಿನ ಪಶುಪತಿನಾಥ, ಗುಹ್ಯೇಶ್ವರಿ, ಬೌದ್ಧನಾಥ, ಸ್ವಯಂಭು, ಬುಢಾನೀಲಕಂಠ, ಪಾಟನ್, ಭಕ್ತಪುರ. ಮೂರನೇ ದಿನ ಬಸ್ಸಿನಲ್ಲಿ ಪೋಖರಾ. ನಾಲ್ಕನೇ ದಿನ ಬೆಳಗಿನ ಜಾವ ಜೀಪಿನಲ್ಲಿ ಹೊರಟು ರಾತ್ರಿ ಮುಕ್ತಿನಾಥದಲ್ಲೇ ವಸತಿ. ಐದನೇ ದಿನ ವಾಪಸ್. ಆಮೇಲೆ ಅಮ್ಮ, ತಮ್ಮ ಊರಿಗೆ. ನಾನು ಉಳಿದು ಅನ್ನಪೂರ್ಣ ಬೇಸ್ ಕ್ಯಾಂಪಿಗೆ. ದಸರಾ ರಜೆಗೆ ಹೊಂದಿಸಿಕೊಂಡಿದ್ದೇವೆ.

ಕುದುರೆಮುಖ, ಕುಮಾರಪರ್ವತ ಹತ್ತಿದ್ದೇನೆ. ಹಿಮಾಲಯ ಇದೇ ಮೊದಲು. ಹೋಗಿ ಬಂದವರು ದಯವಿಟ್ಟು ತಿಳಿಸಿ.

ಶೋಲಾಕಾಡು (ಚಿಕ್ಕಮಗಳೂರು)

ಮೇಡಂ, ಆ ನಾಲ್ಕನೇ ದಿನವನ್ನು ಮೊದಲು ಹೊಡೆದುಹಾಕಿ. ಉಳಿದದ್ದನ್ನು ಆಮೇಲೆ ಮಾತಾಡೋಣ.

ನಮ್ಮ ರಾಜ್ಯದ ಅತಿ ಎತ್ತರದ ಜಾಗ ಮುಳ್ಳಯ್ಯನಗಿರಿ, 1,930 ಮೀಟರ್. ಮುಕ್ತಿನಾಥದ ಕೆಳಗಿನ ರಾಣಿಪೌವಾ ಊರೇ ಸುಮಾರು 3,700 ಮೀಟರಿನಲ್ಲಿದೆ, ಗುಡಿ ಅದಕ್ಕೂ ಮೇಲೆ. ಪೋಖರಾ ಇರುವುದು 820ರಲ್ಲಿ. ಅಂದರೆ ಜೀಪಿನಲ್ಲಿ ಕುಳಿತುಕೊಂಡೇ ಒಂದೇ ಹಗಲಿನಲ್ಲಿ ಮೂರು ಸಾವಿರ ಮೀಟರಿನ ಹತ್ತಿರ ಏರಿ, ಅದೇ ರಾತ್ರಿ ಅಲ್ಲೇ ಮಲಗುತ್ತೀರಿ. ಕಾಲಿಗೆ ದಣಿವಿಲ್ಲದ ಕಾರಣ ದೇಹ ಎಷ್ಟು ಎತ್ತರಕ್ಕೆ ಬಂದಿದೆ ಅನ್ನುವುದು ಮನಸ್ಸಿಗೆ ತಿಳಿಯುವುದಿಲ್ಲ. ನಡೆದು ಹೋಗುವವರಿಗೆ ದಾರಿಯೇ ಕಡಿವಾಣ ಹಾಕುತ್ತದೆ, ದಿನಕ್ಕೆ ಇಷ್ಟೇ ಏರಲು ಸಾಧ್ಯ. ಜೀಪಿಗೆ ಆ ಕಡಿವಾಣ ಇಲ್ಲ. ನಾನು ಕಂಡ ಹಾಗೆ ಆ ಭಾಗದಲ್ಲಿ ತಲೆ ಹಿಡಿದುಕೊಂಡು ವಾಂತಿ ಮಾಡುತ್ತ ಕೂತವರಲ್ಲಿ ಚಾರಣಿಗರಿಗಿಂತ ವಾಹನದಲ್ಲಿ ಬಂದ ಯಾತ್ರಿಕರೇ ಹೆಚ್ಚು.

ಅಮ್ಮನಿಗೆ ದಾರಿಯಲ್ಲಿ ಎರಡು ಮೂರು ರಾತ್ರಿ ಬೇಕು. ತಾತೋಪಾನಿ 1,200 ಮೀಟರಿನ ಆಸುಪಾಸು, ಬಿಸಿನೀರಿನ ಬುಗ್ಗೆ ಇದೆ, ಮಂಡಿಗೂ ಹಿತ. ಆಮೇಲೆ ಮಾರ್ಫಾ, 2,670. ಆಮೇಲೆ ಕಾಗಬೇನಿ, 2,800. ಕಾಗಬೇನಿಯಲ್ಲಿ ಮಲಗಿ ಬೆಳಿಗ್ಗೆ ಮುಕ್ತಿನಾಥಕ್ಕೆ ಹೋಗಿ, ದರ್ಶನ ಮುಗಿಸಿ ಮಧ್ಯಾಹ್ನದೊಳಗೆ ಕೆಳಗಿಳಿದುಬಿಡಿ. ಹಗಲು ಎತ್ತರಕ್ಕೆ ಹೋಗಬಹುದು, ರಾತ್ರಿ ತಗ್ಗಿನಲ್ಲಿ ಮಲಗಬೇಕು. ಗುಡ್ಡದವರು ಬಹಳ ಹಿಂದಿನಿಂದ ಪಾಲಿಸಿಕೊಂಡು ಬಂದ ಕ್ರಮ ಇದು.

ಜಯನಗರ_4ನೇ_ಬ್ಲಾಕ್ (ಬೆಂಗಳೂರು)

ಇಷ್ಟೊಂದು ಹೆದರಿಸಬೇಕಾಗಿಲ್ಲ ಅನ್ನಿಸುತ್ತದೆ ಸರ್. ನಮ್ಮ ಅತ್ತೆಗೆ 72. ಪೋಖರಾದಿಂದ ಹೆಲಿಕಾಪ್ಟರಿನಲ್ಲಿ ಮುಕ್ತಿನಾಥಕ್ಕೆ ಹೋಗಿ ಒಂದೇ ಬೆಳಿಗ್ಗೆ ವಾಪಸ್ ಬಂದರು. ಏನೂ ಆಗಲಿಲ್ಲ. ದೇವರ ಮೇಲೆ ಭಾರ ಹಾಕಿ ಹೋದರೆ ಸಾಕು.

ಶೋಲಾಕಾಡು

ನಿಮ್ಮ ಅತ್ತೆಯವರು ಕ್ಷೇಮವಾಗಿ ಬಂದದ್ದು ಸಂತೋಷ. ಆದರೆ ಎರಡು ಪ್ರಯಾಣವೂ ಒಂದೇ ಅಲ್ಲ. ಎತ್ತರದ ಕಾಯಿಲೆ (ಅಲ್ಲಿಯ ತೆಳು ಗಾಳಿಗೆ ದೇಹ ಹೊಂದಿಕೊಳ್ಳದೆ ಬರುವುದು) ಸಾಮಾನ್ಯವಾಗಿ ಮೇಲೆ ಹೋದ ಕೂಡಲೇ ಬರುವುದಿಲ್ಲ, ಆರೇಳು ಗಂಟೆ ಕಳೆದ ಮೇಲೆ, ಮುಖ್ಯವಾಗಿ ಮೊದಲ ರಾತ್ರಿ ಕಾಣಿಸುತ್ತದೆ. ಒಂದು ಗಂಟೆ ಇದ್ದು ಇಳಿದವರಿಗೆ ಏನೂ ಆಗದಿರುವುದೇ ಹೆಚ್ಚು. ಇವರ ಪಟ್ಟಿಯಲ್ಲಿರುವುದು ಅಲ್ಲೇ ಮಲಗುವುದು. ಹೃದಯದ ತೊಂದರೆ ಇರುವವರಾದರೆ ಹೆಲಿಕಾಪ್ಟರಿಗೂ ಮೊದಲು ವೈದ್ಯರನ್ನು ಕೇಳಲೇಬೇಕು.

ತಲೆನೋವು, ಹಸಿವಿಲ್ಲದಿರುವುದು, ವಾಕರಿಕೆ, ನಿದ್ದೆ ಬಾರದಿರುವುದು ಮೊದಲ ಸೂಚನೆ. ಹಾಗಾದರೆ ಅಲ್ಲಿಂದ ಮೇಲೆ ಹೋಗಬಾರದು. ಸುಮ್ಮನೆ ಕೂತಾಗಲೂ ಏದುಸಿರು, ನಡೆಯುವಾಗ ತೂರಾಟ, ಮಾತು ತಡವರಿಸುವುದು ಕಂಡರೆ ಬೆಳಗಾಗುವವರೆಗೂ ಕಾಯಬಾರದು, ಆಗಲೇ ಇಳಿಸಬೇಕು. ಈ ಕಾಯಿಲೆ ತಡೆಯಲು ಕೊಡುವ ಡೈಮಾಕ್ಸ್ ಮಾತ್ರೆಯ ಬಗ್ಗೆ ಎಲ್ಲರೂ ಹೇಳುತ್ತಾರೆ. ಸಲ್ಫಾ ಅಲರ್ಜಿ ಇದ್ದವರಿಗೆ ಅದು ಆಗದಿರಬಹುದು. ಬಿಪಿ ಮಾತ್ರೆಗಳಲ್ಲೂ ಕೆಲವು ಮೂತ್ರ ಹೆಚ್ಚಿಸುವಂಥವು, ಇದೂ ಹಾಗೆಯೇ. ಅಮ್ಮನ ಡಾಕ್ಟರಿಗೆ ಚೀಟಿ ತೋರಿಸಿ ಕೇಳಿ. ಅಂಗಡಿಯಲ್ಲಿ ಕೊಂಡು ನುಂಗಿಸಬೇಡಿ.

ಸಾಧನಕೇರಿ (ಧಾರವಾಡ)

ನಮಸ್ಕಾರ್ರೀ ಅಕ್ಕಾರ. ನಮ್ಮ ಅಪ್ಪಾರನ್ನ ಕರಕೊಂಡು ಗೋರಖಪುರ, ಸೋನೌಲಿ ಮ್ಯಾಲೆ ರಸ್ತೆಯಿಂದ ಹೋಗಿದ್ದೆ. ಹೋಗೂ ಮುಂದ ಲುಂಬಿನಿ ನೋಡಿದ್ವಿ. ಅಶೋಕನ ಕಂಬ ಐತಲ್ರೀ, ಬುದ್ಧ ಇಲ್ಲೇ ಹುಟ್ಟಿದ ಅಂತ ಕೆತ್ತಿಸಿದ್ದು, ಅದರ ಮುಂದ ಅಪ್ಪಾರು ಅರ್ಧಾ ತಾಸು ನಿಂತು ಬಿಟ್ರು. ನಮ್ಮ ಮಸ್ಕಿ ಶಾಸನ ಬರೆಸಿದಾಂವನೂ ಅವನ ಅಲ್ಲೇನ್ರೀ.

ರೊಕ್ಕದ ಮಾತು ಹೇಳತೇನಿ. ನಮ್ಮ 100 ರೂಪಾಯಿ ಅಂದ್ರ ಅಲ್ಲಿ 160. ಈ ಲೆಕ್ಕ 1993ರಿಂದ ಬದಲಾಗಿಲ್ಲ. ನಾ 500ರ ನೋಟಿನ ಕಟ್ಟು ಒಯ್ದಿದ್ದೆ, ಅಂಗಡ್ಯಾಗ ಒಬ್ಬರೂ ಮುಟ್ಟಲಿಲ್ಲ. ಊಟಕ್ಕ ಕುಂತಾಂವ ಎದ್ದು ರೊಕ್ಕ ಹೊಂದಸಾಕ ಅಡ್ಡಾಡಬೇಕಾತು. 100ರ ನೋಟ ಜಾಸ್ತಿ ಇಟ್ಕೊಳ್ರಿ. ದೊಡ್ಡ ನೋಟಿನ ನಿಯಮ ಆಗಾಗ ಬದಲಾಗತೈತಿ, ಹೊರಡೂ ಮುಂದ ಬ್ಯಾಂಕಿನ್ಯಾಗ ಕೇಳ್ರಿ. 2024ರಿಂದ ಅಲ್ಲಿಯ ಫೋನ್‌ಪೇ (Fonepay, ನಮ್ಮ PhonePe ಅಲ್ರೀ) ಅಂತ ಬರದ ಕ್ಯೂಆರ್‌ಗೆ ನಮ್ಮ ಯುಪಿಐ ನಡೀತೈತಿ, ಆದ್ರ ಗುಡ್ಡದ ಮ್ಯಾಲೆ ನೆಟ್‌ವರ್ಕ್ ನಂಬಬ್ಯಾಡ್ರಿ.

ವಿಮಾನಕ್ಕ ಹೋಗೂದಾದ್ರ ಪಾಸ್‌ಪೋರ್ಟ್ ಇಲ್ಲಾ ಮತದಾರರ ಚೀಟಿ ಬೇಕ ಬೇಕು. ಆಧಾರ್ ನಡಿಯೂದು 65 ದಾಟಿದವರಿಗೆ, 15ರ ಒಳಗಿನವರಿಗೆ ಅಷ್ಟ. ಅಂದ್ರ ಅಮ್ಮಾರಿಗೆ ನಡೀತೈತಿ, ನಿಮಗ ತಮ್ಮಗ ನಡಿಯೂದಿಲ್ಲ.

ಕಡಲತೀರ (ಕುಂದಾಪುರ)

ಪಶುಪತಿನಾಥವನ್ನು ಒಂದೇ ದಿನದ ಏಳು ಜಾಗಗಳಲ್ಲಿ ಒಂದಾಗಿ ಇಟ್ಟಿದ್ದಾರಲ್ಲ, ಅದು ನನಗೆ ಬೇಸರದ ವಿಷಯ ಮೇಡಂ. ಅದು ನಮಗೆ ಪರವೂರಿನ ದೇವಸ್ಥಾನವೇ ಅಲ್ಲ. ಗರ್ಭಗುಡಿಯಲ್ಲಿ ಲಿಂಗವನ್ನು ಮುಟ್ಟಿ ಪೂಜೆ ಮಾಡುವ ಅಧಿಕಾರ ದಕ್ಷಿಣದಿಂದ ಹೋದ ಭಟ್ಟರಿಗೆ ಮಾತ್ರ; ಈಗ ಇರುವವರಲ್ಲಿ ಹೆಚ್ಚಿನವರು ನಮ್ಮ ಕರ್ನಾಟಕದವರು. ಶಂಕರಾಚಾರ್ಯರ ಕಾಲದ ಕಟ್ಟಳೆ ಎಂಬ ನಂಬಿಕೆ ಇದೆ. ಅವರಿಗೆ ನೆರವಾಗುವ ಭಂಡಾರಿಗಳು ಅಲ್ಲಿನ ನೇವಾರ ಸಮುದಾಯದವರು. 2008ರ ಕೊನೆಗೆ ಆಗಿನ ಸರ್ಕಾರ ಭಟ್ಟರ ಬದಲು ನೇಪಾಳಿ ಅರ್ಚಕರನ್ನು ನೇಮಿಸಿದಾಗ ಭಂಡಾರಿಗಳೂ ಭಕ್ತರೂ ಬೀದಿಗಿಳಿದರು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ಕೊನೆಗೆ ಹಳೇ ಕ್ರಮವೇ ಉಳಿಯಿತು. ಭಂಡಾರಿಗಳು ನೇಪಾಳದವರೇ ಆಗಿದ್ದೂ ನಮ್ಮ ಭಟ್ಟರ ಪರ ನಿಂತದ್ದನ್ನು ನೆನೆದರೆ ಈಗಲೂ ಎದೆ ತುಂಬಿ ಬರುತ್ತದೆ.

ಲಿಂಗಕ್ಕೆ ನಾಲ್ಕು ದಿಕ್ಕಿಗೂ ಮುಖ, ನಾಲ್ಕು ಬೆಳ್ಳಿ ಬಾಗಿಲು. ಪ್ರದಕ್ಷಿಣೆ ಬರುತ್ತ ನಾಲ್ಕೂ ಕಡೆಯಿಂದ ದರ್ಶನ ಮಾಡಬೇಕು. ಒಳಗೆ ಫೋಟೊ ಇಲ್ಲ, ಚರ್ಮದ ಬೆಲ್ಟು ಪರ್ಸು ಇಲ್ಲ. ಬೆಳಿಗ್ಗೆ ಒಮ್ಮೆ ಹೋಗಿ, ಸಂಜೆ ಬಾಗಮತಿಯ ಆಚೆ ದಡದಲ್ಲಿ ಕೂತು ಆರತಿ ನೋಡಿ. ಈಚೆ ದಡದ ಆರ್ಯಘಾಟಿನಲ್ಲಿ ಚಿತೆ ಉರಿಯುತ್ತಿರುತ್ತದೆ, ಅಮ್ಮನಿಗೆ ಮೊದಲೇ ಹೇಳಿಡಿ. ನಮ್ಮ ತಾಯಿ ಅದನ್ನು ನೋಡಿ ಹೆದರಲಿಲ್ಲ, ಬಹಳ ಹೊತ್ತು ಸುಮ್ಮನೆ ಕೂತಿದ್ದರು.

ಇನ್ನೊಂದು. ಪಶುಪತಿಯಿಂದ ಕೆಲವೇ ಮೈಲಿ ಮೇಲಕ್ಕೆ, ಅದೇ ಬಾಗಮತಿಯ ದಡದಲ್ಲಿ ಗೋಕರ್ಣ ಅಂತಲೇ ಒಂದು ಕ್ಷೇತ್ರ ಇದೆ. ಶಿವ ಜಿಂಕೆಯಾಗಿ ಶ್ಲೇಷ್ಮಾಂತಕ ವನದಲ್ಲಿ ಅಡಗಿದ್ದಾಗ ದೇವತೆಗಳು ಹಿಡಿಯಲು ಹೋಗಿ ಕೊಂಬು ಮುರಿಯಿತು ಎಂಬ ಕಥೆ ಅಲ್ಲಿಯದು. ನಮ್ಮ ಉತ್ತರ ಕನ್ನಡದ ಗೋಕರ್ಣಕ್ಕೂ ಆ ಕೊಂಬಿನ ತುಂಡಿನ ಕಥೆ ಅಂಟಿಕೊಂಡಿದೆ. ಭಾದ್ರಪದದ ಹೊತ್ತಿನ ಗೋಕರ್ಣ ಔಂಸಿ ಅಮಾವಾಸ್ಯೆಗೆ ತಂದೆಯನ್ನು ಕಳೆದುಕೊಂಡವರೆಲ್ಲ ಅಲ್ಲಿಗೆ ಬಂದು ಶ್ರಾದ್ಧ ಮಾಡುತ್ತಾರೆ. ನೀವು ಹೋಗುವ ಹೊತ್ತಿಗೆ ಆ ಜನಜಂಗುಳಿ ಇರುವುದಿಲ್ಲ. ನಿಮ್ಮ ತಂದೆಯವರ ಹೆಸರಿನಲ್ಲಿ ತರ್ಪಣ ಬಿಡುವುದಿದ್ದರೆ ಆಗಬಹುದು.

ಲಲಿತಪುರ_ವಾಸಿ

ಐದು ವರ್ಷದಿಂದ ಪಾಟನ್‌ನಲ್ಲಿ ಕೆಲಸಕ್ಕಿದ್ದೇನೆ, ಊರು ತಿಪಟೂರು. ದಸರಾ ರಜೆಗೆ ಬರಬೇಡಿ ಅಕ್ಕ. ಇಲ್ಲಿ ದಶೈಂ ಅಂದರೆ ಊರಿಗೆ ಊರೇ ಖಾಲಿ. ಕಾಠ್ಮಂಡುವಿನಲ್ಲಿ ದುಡಿಯುವವರೆಲ್ಲ ತಮ್ಮ ಹಳ್ಳಿಗೆ ಹೋಗುತ್ತಾರೆ, ಬಸ್ಸಿನಲ್ಲಿ ಸೀಟಿಲ್ಲ, ಅಷ್ಟಮಿಯಿಂದ ಕೆಲವು ದಿನ ಅಂಗಡಿ ಕಚೇರಿ ಎಲ್ಲ ಮುಚ್ಚಿರುತ್ತವೆ. ಬಹಳ ಗುಡಿಗಳಲ್ಲಿ ಪ್ರಾಣಿಬಲಿಯೂ ನಡೆಯುತ್ತದೆ, ಅಮ್ಮನಿಗೆ ಕಷ್ಟವಾಗಬಹುದು. ಹುಣ್ಣಿಮೆಗೆ ದಶೈಂ ಮುಗಿಯುತ್ತದೆ. ಅದಾದ ಮೇಲೆ ಬನ್ನಿ. ಮಳೆ ಹೋಗಿ ಗಾಳಿ ತೊಳೆದಂತಿರುತ್ತದೆ, ನಗರದ ಮಾಳಿಗೆಯಿಂದಲೂ ಹಿಮದ ಸಾಲು ಕಾಣುವ ದಿನಗಳು ಅವು.

ಗಡಿಯಾರ 15 ನಿಮಿಷ ಮುಂದೆ ಮಾಡಿಕೊಳ್ಳಿ. ವಾರದ ರಜೆ ಶನಿವಾರ. ಬಿಲ್ಲಿನಲ್ಲಿ 2080ರ ನಂತರದ ಇಸವಿ ಕಂಡರೆ ಗಾಬರಿಯಾಗಬೇಡಿ, ಅದು ವಿಕ್ರಮ ಸಂವತ್.

ಒಂದೇ ದಿನದಲ್ಲಿ ಏಳು ಜಾಗ ಅನ್ನುವುದು ಅಮ್ಮನನ್ನು ಏಳು ಸಲ ಕಾರಿನಿಂದ ಇಳಿಸಿ ಹತ್ತಿಸುವುದು ಅಷ್ಟೇ. ಮೂರು ದಿನ ಕೊಡಿ. ಸ್ವಯಂಭುವಿಗೆ ಪೂರ್ವದ ಮೆಟ್ಟಿಲು 365. ಹಿಂಬದಿಯಿಂದ ವಾಹನ ಬಹುಪಾಲು ಮೇಲಕ್ಕೇ ಹೋಗುತ್ತದೆ, ಡ್ರೈವರಿಗೆ ಹೇಳಿ. ಬುಢಾನೀಲಕಂಠಕ್ಕೆ ಮಾತ್ರ ತಪ್ಪದೆ ಕರೆತನ್ನಿ, ಮೆಟ್ಟಿಲಿನ ಕಾಟ ಇಲ್ಲ. ಕೊಳದ ನಡುವೆ ಶೇಷನ ಸುರುಳಿಯ ಮೇಲೆ ಮಲಗಿದ ನಾರಾಯಣ, ಒಂದೇ ಕರಿಕಲ್ಲು, ಸುಮಾರು 5 ಮೀಟರ್ ಉದ್ದ, ಸಾವಿರದ ಮುನ್ನೂರು ವರ್ಷಕ್ಕೂ ಹಳೆಯದು. ಬೆಳಗಿನ ಪೂಜೆಯಲ್ಲಿ ಮುಖ ತೊಳೆಸುವುದನ್ನು ನೋಡುವುದೇ ಒಂದು ಭಾಗ್ಯ. ನೇಪಾಳದ ರಾಜರು ಈ ಗುಡಿಗೆ ಬರುತ್ತಿರಲಿಲ್ಲ. ಈ ಮೂರ್ತಿಯನ್ನು ಕಂಡರೆ ರಾಜನಿಗೆ ಸಾವು ಎಂಬ ನಂಬಿಕೆ ಇತ್ತು.

ಊಟಕ್ಕೆ ಹೆದರಬೇಡಿ. ಎಲ್ಲಿ ಹೋದರೂ ಅನ್ನ, ಬೇಳೆ, ಸೊಪ್ಪು, ಉಪ್ಪಿನಕಾಯಿ ಸಿಗುತ್ತದೆ, ಬಡಿಸುತ್ತಲೇ ಇರುತ್ತಾರೆ. ಥಕಾಲಿ ಜನಾಂಗದವರ ಹೋಟೆಲಿನಲ್ಲಿ "ಕೋದೋಕೋ ಢಿಂಡೋ" ಕೇಳಿ. ಕೋದೋ ಅಂದರೆ ರಾಗಿ. ತಟ್ಟೆಯಲ್ಲಿ ಬರುವುದು ನಮ್ಮ ಮುದ್ದೆಯೇ, ಸ್ವಲ್ಪ ಮೆತ್ತಗೆ. ಇಲ್ಲಿಗೆ ಬಂದ ಮೊದಲ ತಿಂಗಳು ಅದನ್ನು ಮುರಿದು ಬೇಳೆಗೆ ಅದ್ದಿ ನುಂಗಿದಾಗ ನನಗೆ ಕಣ್ಣು ತುಂಬಿ ಬಂದಿತ್ತು.

ಹಂಪಿಯ_ಕಲ್ಲು (ಹೊಸಪೇಟೆ)

ಶಾಲೆಯಲ್ಲಿ ಇತಿಹಾಸ ಹೇಳುತ್ತೇನೆ. ಭಕ್ತಪುರ, ಪಾಟನ್‌ಗಳನ್ನು ಪಟ್ಟಿಯ ಬಾಲಕ್ಕೆ ಹಾಕಿರುವುದು ಕಂಡು ಬರೆಯಲೇಬೇಕೆನಿಸಿತು.

ಭಕ್ತಪುರದಲ್ಲಿ ಒಂದು ರಾತ್ರಿ ಉಳಿಯಿರಿ. ಹಗಲಿನ ಪ್ರವಾಸಿಗರು ಹೋದ ಮೇಲೆ ಆ ಇಟ್ಟಿಗೆಯ ಬೀದಿಗಳು ಊರವರಿಗೆ ಮರಳುತ್ತವೆ. ಜಗಲಿಯ ಮೇಲೆ ಮುದುಕರು ಭಜನೆಗೆ ಕೂರುತ್ತಾರೆ, ಬೆಳಿಗ್ಗೆ ಹೆಂಗಸರು ತಟ್ಟೆಯಲ್ಲಿ ಹೂವು ಅಕ್ಷತೆ ಹಿಡಿದು ಗುಡಿಯಿಂದ ಗುಡಿಗೆ ಹೋಗುತ್ತಾರೆ. ನ್ಯಾತಪೋಲ ಗುಡಿಯನ್ನು ಭೂಪತೀಂದ್ರ ಮಲ್ಲ 1702ರಲ್ಲಿ ಕಟ್ಟಿಸಿದ, ಐದು ಅಂತಸ್ತಿನ ಮಾಡು. ಮೆಟ್ಟಿಲಿನ ಎರಡೂ ಬದಿಗೆ ಕೆಳಗೆ ಜಟ್ಟಿಗಳು, ಅವರ ಮೇಲೆ ಆನೆ, ಆಮೇಲೆ ಸಿಂಹ, ಆಮೇಲೆ ಶಾರ್ದೂಲ, ತುದಿಗೆ ಇಬ್ಬರು ದೇವಿಯರು. ಪ್ರತಿಯೊಂದೂ ಕೆಳಗಿನದಕ್ಕಿಂತ ಹತ್ತು ಪಟ್ಟು ಬಲಶಾಲಿ ಎಂದು ಊರವರ ಲೆಕ್ಕ. ಒಳಗಿನ ಸಿದ್ಧಿಲಕ್ಷ್ಮಿಯನ್ನು ಅರ್ಚಕರ ಹೊರತು ಯಾರೂ ನೋಡುವಂತಿಲ್ಲ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ದೇಶದಲ್ಲಿ ಸುಮಾರು ಒಂಬತ್ತು ಸಾವಿರ ಜನ ಸತ್ತರು, ಅದೇ ಊರಿನ ವತ್ಸಲಾ ಗುಡಿ ನೆಲಕ್ಕುರುಳಿತು. ಇಷ್ಟು ಎತ್ತರದ ನ್ಯಾತಪೋಲ ನಿಂತಿತು. ವತ್ಸಲಾ ಗುಡಿಯನ್ನು ಮತ್ತೆ ಕಟ್ಟಿದ್ದಾರೆ. ಕಾಠ್ಮಂಡುವಿಗೆ ಹೆಸರು ಕೊಟ್ಟ ಕಾಷ್ಠಮಂಟಪವೂ ಅಂದೇ ಬಿದ್ದು, ಮರದಲ್ಲೇ ಮತ್ತೆ ಎದ್ದಿದೆ. ಮುರಿದ ಹಂಪಿಯನ್ನು ಮುರಿದಂತೆಯೇ ನೋಡಿ ಬೆಳೆದವನು ನಾನು. ಬಿದ್ದ ಗುಡಿಯನ್ನು ಅದೇ ಕುಲಕಸುಬಿನ ಬಡಗಿಗಳು ಮತ್ತೆ ನಿಲ್ಲಿಸಿ, ಮಾರನೇ ದಿನವೇ ಅದರಲ್ಲಿ ದೀಪ ಹಚ್ಚುವುದು ನನಗೆ ಬಹಳ ದೊಡ್ಡದಾಗಿ ಕಂಡಿತು.

ಪಾಟನ್‌ನ ಕೃಷ್ಣ ಮಂದಿರ ಪೂರ್ತಿ ಕಲ್ಲಿನದು, 1637ರಲ್ಲಿ ಸಿದ್ಧಿನರಸಿಂಹ ಮಲ್ಲ ಕಟ್ಟಿಸಿದ್ದು. ಮೊದಲ ಅಂತಸ್ತಿನ ತೊಲೆಯ ಸುತ್ತ ಮಹಾಭಾರತ, ಎರಡನೆಯದರ ಸುತ್ತ ರಾಮಾಯಣ. ಇಟ್ಟಿಗೆ, ಮರದ ಊರಿನಲ್ಲಿ ಈ ಒಂದು ಕಲ್ಲಿನ ಗುಡಿಯನ್ನು ಕಂಡಾಗ ನನ್ನ ಕಾಲು ತಾನಾಗಿಯೇ ನಿಂತಿತು.

ನಮಗೆ ಸಂಬಂಧಪಟ್ಟ ಒಂದು ಎಳೆಯೂ ಇದೆ. 1097ರಲ್ಲಿ ನಾನ್ಯದೇವ ಎಂಬವನು ಮಿಥಿಲೆಯಲ್ಲಿ ರಾಜ್ಯ ಕಟ್ಟಿದ. ಆ ವಂಶದ ಹೆಸರೇ ಕರ್ಣಾಟ ವಂಶ, ಮೂಲ ನಮ್ಮ ಕಡೆಯದು. ಅವರ ರಾಜಧಾನಿ ಸಿಮ್ರೌನ್‌ಗಢದ ಅವಶೇಷ ಇವತ್ತು ನೇಪಾಳದ ಬಾರಾ ಜಿಲ್ಲೆಯಲ್ಲಿದೆ. 1324ರಲ್ಲಿ ಘಿಯಾಸುದ್ದೀನ್ ತುಘಲಕ್ ದಾಳಿ ಮಾಡಿದಾಗ ಹರಿಸಿಂಹದೇವ ಗುಡ್ಡದ ಕಡೆ ಹೊರಟು ದಾರಿಯಲ್ಲೇ ತೀರಿಕೊಂಡ. ರಾಣಿ ದೇವಲದೇವಿ ಭಕ್ತಪುರದಲ್ಲಿ ಆಶ್ರಯ ಪಡೆದಳು. ಅವಳ ಮೊಮ್ಮಗಳು ರಾಜಲ್ಲದೇವಿಯನ್ನು ಮದುವೆಯಾದವನೇ ಮುಂದೆ ಆ ಕಣಿವೆಯನ್ನಾಳಿದ ರಾಜ ಜಯಸ್ಥಿತಿ ಮಲ್ಲ. ಅರಮನೆಗಳಲ್ಲಿ ಕಾಣುವ ತಲೇಜು ಭವಾನಿ ಈ ಕರ್ಣಾಟರ ಜೊತೆ ಬಂದ ದೇವತೆ ಎಂದು ಅಲ್ಲಿಯ ಪರಂಪರೆ ಹೇಳುತ್ತದೆ. ಭಕ್ತಪುರದ ತಲೇಜು ಬಾಗಿಲಿನ ಮುಂದೆ ನಿಂತಾಗ ನೆನಪಿರಲಿ.

ಮಣ್ಣಿನ ಕುಡಿಕೆಯಲ್ಲಿ ಹೆಪ್ಪು ಹಾಕಿದ ಜುಜು ಧೌ ಮೊಸರು ತಿನ್ನದೆ ಬರಬೇಡಿ.

ತುಂಗಾತೀರ

ಎಲ್ಲರಿಗೂ ಕೈಮುಗಿಯುತ್ತೇನೆ. ಅಮ್ಮನಿಗೆ ಓದಿ ಹೇಳಿದೆ. ಭಟ್ಟರ ವಿಷಯ ಕೇಳಿ "ಹಾಗಾದ್ರೆ ಸಂಕಲ್ಪ ಕನ್ನಡದಲ್ಲೇ ಹೇಳ್ಬಹುದಾ?" ಅಂದರು. ಏಜೆಂಟರ ಪಟ್ಟಿ ಬಿಟ್ಟೆವು. ದಶೈಂ ಕಳೆದ ಮೇಲೆ ಹೊರಡುವುದು, ಕಾಠ್ಮಂಡು ಕಣಿವೆಗೆ ನಾಲ್ಕು ದಿನ, ಮುಕ್ತಿನಾಥದ ದಾರಿಗೆ ಐದು ದಿನ. ಕಾಗಬೇನಿಯಲ್ಲಿ ತಮ್ಮ ಪಿಂಡಪ್ರದಾನ ಮಾಡುತ್ತಾನೆ.

ಈಗ ಬೇಸ್ ಕ್ಯಾಂಪಿನ ಬಗ್ಗೆ ಹೇಳಿ. ಒಬ್ಬಳೇ ಹೋಗುವುದು ಸರಿಯೇ?

ಶೋಲಾಕಾಡು

2023ರ ಏಪ್ರಿಲ್‌ನಿಂದ ಗೈಡ್ ಇರಬೇಕೆಂಬ ನಿಯಮ ಬಂದಿದೆ. ನಿಯಮದ ಮಾತು ಬಿಟ್ಟರೂ ಮೊದಲ ಸಲಕ್ಕೆ ಒಬ್ಬ ಗೈಡ್ ಬೇಕೇಬೇಕು. ದಾರಿ ತಪ್ಪುತ್ತದೆ ಎಂದಲ್ಲ, ದಾರಿ ಅಗಲವಾಗಿದೆ, ಲಾಡ್ಜುಗಳು ಎರಡು ಮೂರು ಗಂಟೆಗೊಂದು ಇವೆ. ನಿಮ್ಮ ಮುಖ ನೋಡಿ "ಇವತ್ತು ಇಲ್ಲೇ ನಿಲ್ಲೋಣ" ಅನ್ನುವ ಒಬ್ಬರು ಜೊತೆಗಿರಬೇಕು. ಅನ್ನಪೂರ್ಣ ಸಂರಕ್ಷಣಾ ಪ್ರದೇಶದ ಪರವಾನಗಿ ಬೇಕು. ಸಾರ್ಕ್ ದೇಶದವರಿಗೆ, ಅಂದರೆ ನಮಗೂ, 1,000 ನೇಪಾಳಿ ರೂಪಾಯಿ, ಉಳಿದವರಿಗೆ 3,000. ಮುಕ್ತಿನಾಥವೂ ಅದೇ ಪ್ರದೇಶದೊಳಗಿದೆ.

ದಾರಿ: ಪೋಖರಾದಿಂದ ಜೀಪಿನಲ್ಲಿ ಘಾಂದ್ರುಕ್ ಕಡೆಗೆ, ಅಲ್ಲಿಂದ ಛೋಮ್ರೋಂಗ್, 2,170 ಮೀಟರ್. ಛೋಮ್ರೋಂಗಿನ ಕಲ್ಲುಮೆಟ್ಟಿಲು ಇಳಿದು ಸೇತುವೆ ದಾಟಿ ಮತ್ತೆ ಸಿನುವಾಕ್ಕೆ ಹತ್ತಬೇಕು, 2,360. ಬರುವಾಗಲೂ ಇದೇ ಮೆಟ್ಟಿಲು ಕಾದಿರುತ್ತದೆ. ಆಮೇಲೆ ಬಿದಿರು ಕಾಡು, ದೋವಾನ್, ಹಿಮಾಲಯ ಎಂಬ ಹೆಸರಿನ ಊರು, ದೇವುರಾಲಿ 3,230. ಬಹಳ ಜನ ದೇವುರಾಲಿಯಿಂದ ಒಂದೇ ಏಟಿಗೆ 4,130ರ ಬೇಸ್ ಕ್ಯಾಂಪಿಗೆ ಹೋಗಿ ಮಲಗುತ್ತಾರೆ. ಅದು ಒಂದು ರಾತ್ರಿಗೆ 900 ಮೀಟರ್ ಏರಿಕೆ. 3,000 ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500ಕ್ಕಿಂತ ಹೆಚ್ಚಬಾರದು ಎಂಬುದು ಪದ್ಧತಿ. ನೀವು ಮಚ್ಛಪುಚ್ಛ್ರೆ ಬೇಸ್ ಕ್ಯಾಂಪಿನಲ್ಲಿ, 3,700ರಲ್ಲಿ ನಿಂತು, ನಸುಕಿಗೆ ಎದ್ದು ಮೇಲೆ ಹೋಗಿ. ಬಿಸಿಲು ಮೊದಲು ಅನ್ನಪೂರ್ಣೆಯ ನೆತ್ತಿಗೆ ತಾಗಿ ಮೆಲ್ಲಗೆ ಕೆಳಗಿಳಿಯುವಾಗ ನೀವು ಸುತ್ತಲೂ ಶಿಖರಗಳಿರುವ ಆ ಬಟ್ಟಲಿನ ನಡುವೆ ನಿಂತಿರಬೇಕು.

ಮಚ್ಛಪುಚ್ಛ್ರೆ, ಅಂದರೆ ಮೀನಿನ ಬಾಲ, 6,993 ಮೀಟರ್. ಶಿವನ ನೆಲೆ ಎಂದು ಅದನ್ನು ಹತ್ತಲು ಬಿಡುವುದಿಲ್ಲ. 1957ರಲ್ಲಿ ಬ್ರಿಟಿಷ್ ತಂಡವೊಂದು ತುದಿಗೆ ಸ್ವಲ್ಪವೇ ಕೆಳಗೆ ನಿಂತು ವಾಪಸ್ ಬಂತು. ಛೋಮ್ರೋಂಗ್, ಸಿನುವಾ ದಾಟಿದ ಮೇಲೆ ಕಣಿವೆಯೊಳಕ್ಕೆ ಮಾಂಸ ಒಯ್ಯಬಾರದೆಂಬ ಕಟ್ಟಳೆಯೂ ಇದೆ.

ಮೂಡಲಮನೆ_ಹುಡುಗಿ (ಕೋಲಾರ)

ಅಕ್ಕ, ನಾನು ಏಪ್ರಿಲ್‌ನಲ್ಲಿ ಹೋಗಿದ್ದೆ. ವಿಮೆ ಮಾಡಿಸುವಾಗ 4,000 ಮೀಟರ್ ಮೇಲೂ ಅನ್ವಯಿಸುತ್ತದಾ, ಹೆಲಿಕಾಪ್ಟರ್ ಖರ್ಚು ಸೇರಿದೆಯಾ, ಎರಡನ್ನೂ ಬರಹದಲ್ಲಿ ಕೇಳಿ. ನನ್ನ ಜೊತೆಗಿದ್ದ ಗೆಳತಿಗೆ ಸಣ್ಣ ತಲೆನೋವು ಬಂದಾಗ ನಮ್ಮನ್ನು ಕಳಿಸಿದ ಸಂಸ್ಥೆಯವರು ಫೋನಿನಲ್ಲಿ "ಹೆಲಿಕಾಪ್ಟರ್ ಕರೆಸೋಣ, ವಿಮೆ ಕೊಡುತ್ತೆ" ಎಂದು ಒಂದೇ ಸಮ ಒತ್ತಾಯ ಮಾಡಿದರು. ಎರಡು ಗಂಟೆ ಕೆಳಗೆ ನಡೆದಾಗ ತಲೆನೋವು ತಾನಾಗಿ ಹೋಯಿತು. ನಿಜವಾದ ಅಪಾಯಕ್ಕೆ ಹೆಲಿಕಾಪ್ಟರ್ ಬೇಕು. ಆದರೆ ನಡೆಯಬಲ್ಲವರಿಗೆ ಮೊದಲ ಮದ್ದು ಇಳಿಯುವುದು.

ಹೊರೆ ಹೊರುವ ದಾಯಿಗೆ (ಅಲ್ಲಿ ಅಣ್ಣನಿಗೆ ಹಾಗನ್ನುತ್ತಾರೆ) ಒಳ್ಳೆಯ ಬೂಟು, ಬೆಚ್ಚನೆ ಕೋಟು ಇದೆಯಾ ಎಂದು ಹೊರಡುವ ಮೊದಲೇ ನೋಡಿ. ನಮ್ಮವರಿಗೆ ಇರಲಿಲ್ಲ, ಪೋಖರಾದಲ್ಲೇ ಕೊಡಿಸಿ ಹೊರಟೆವು.

ತುಂಗಾತೀರ (ಹೋಗಿ ಬಂದ ಮೇಲೆ)

ಮೊನ್ನೆ ಊರು ಸೇರಿದೆ. ಉದ್ದವಾಗುತ್ತದೆ, ಕ್ಷಮಿಸಿ.

ಪಶುಪತಿನಾಥದಲ್ಲಿ ಅಮ್ಮ ಗೋತ್ರ, ನಕ್ಷತ್ರ ಹೇಳುತ್ತಿದ್ದಂತೆ ಭಟ್ಟರು ತಲೆಯೆತ್ತಿ "ಊರು ಯಾವುದಮ್ಮ?" ಎಂದರು. ಅಮ್ಮನಿಗೆ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಸಂಜೆ ಆರತಿಗೆ ಕೂತೆವು. ಎದುರು ದಡದಲ್ಲಿ ಎರಡು ಚಿತೆ ಉರಿಯುತ್ತಿದ್ದವು. ಅಪ್ಪ ಹೋದ ದಿನದ ಬಗ್ಗೆ ಅಮ್ಮ ಮೊದಲ ಸಲ ನಮ್ಮಿಬ್ಬರ ಹತ್ತಿರ ಮಾತಾಡಿದ್ದು ಅಲ್ಲಿ.

ಭಕ್ತಪುರದಲ್ಲಿ ಉಳಿದದ್ದು ಬಹಳ ಒಳ್ಳೆಯದಾಯಿತು, ಹೊಸಪೇಟೆಯ ಮೇಷ್ಟರಿಗೆ ವಂದನೆ. ಜುಜು ಧೌ ಕುಡಿಕೆಗಳನ್ನು ಅಮ್ಮ ತೊಳೆದು ಊರಿಗೆ ತಂದಿದ್ದಾರೆ.

ಮುಕ್ತಿನಾಥದ ದಾರಿ ನಾವು ಅಂದುಕೊಂಡದ್ದಕ್ಕಿಂತ ಕಷ್ಟ. ಬೇನಿ ದಾಟಿದ ಮೇಲೆ ಹೊಂಡ, ಧೂಳು, ಒಂದು ಕಡೆ ಮಣ್ಣು ಕುಸಿದು ಮೂರು ಗಂಟೆ ನಿಂತೆವು. ಏಜೆಂಟರ ಪಟ್ಟಿಯಂತೆ ಹೊರಟಿದ್ದರೆ ಅವತ್ತು ಮಧ್ಯರಾತ್ರಿ ಮುಕ್ತಿನಾಥ ತಲುಪುತ್ತಿದ್ದೆವು. ತಾತೋಪಾನಿಯಲ್ಲಿ ಅಮ್ಮ ಮಂಡಿಯವರೆಗೆ ಬಿಸಿನೀರಿನಲ್ಲಿ ಕಾಲಿಟ್ಟು ಕೂತರು. ಮಾರ್ಫಾದ ಬಿಳಿ ಸುಣ್ಣದ ಮನೆಗಳ ಓಣಿ, ಮಾಳಿಗೆಯ ಮೇಲೆ ಒಣಗಲು ಹರಡಿದ ಸೇಬು. ಹತ್ತು ಗಂಟೆ ದಾಟಿದರೆ ಕಣಿವೆಯಲ್ಲಿ ಗಾಳಿ ಏಳುತ್ತದೆ, ಅಲ್ಲಿಯ ಜೊಮ್ಸೋಮ್ ಊರಿನ ವಿಮಾನಗಳು ಬೆಳಿಗ್ಗೆಯೇ ಹಾರಿ ಮುಗಿಸುವುದು ಅದಕ್ಕೇ ಅಂತೆ.

ಕಾಗಬೇನಿಯ ಸಂಗಮದಲ್ಲಿ ತಮ್ಮ ಪಿಂಡ ಇಟ್ಟ. ಅದಾದ ಮೇಲೆ ಅಮ್ಮ ತನ್ನ ಚೀಲದಿಂದ ಬೆಳ್ಳಿಯ ಸಣ್ಣ ಭರಣಿ ತೆಗೆದರು. ಮನೆಯ ಸಾಲಿಗ್ರಾಮ. ನಮಗಿಬ್ಬರಿಗೂ ಹೇಳದೆ ಶಿವಮೊಗ್ಗದಿಂದ ತಂದಿದ್ದರು. ಕಾಳಿಗಂಡಕಿಯ ನೀರು ಬೂದಿ ಬಣ್ಣ, ಕೈ ಮರಗಟ್ಟುವಷ್ಟು ತಣ್ಣಗೆ. ಅಮ್ಮ ದಡದ ಕಲ್ಲಿನ ಮೇಲೆ ಕೂತು ಅದನ್ನು ಮೂರು ಸಲ ನೀರಿನಲ್ಲಿ ಮುಳುಗಿಸಿ, ಸೆರಗಿನಿಂದ ಒರೆಸಿ, ಮತ್ತೆ ಭರಣಿಗೆ ಹಾಕಿದರು. ಕೋಟಿಗಟ್ಟಲೆ ವರ್ಷಗಳ ಹಿಂದೆ ಅಲ್ಲಿದ್ದ ಟೆಥಿಸ್ ಸಮುದ್ರದ ಜೀವಿಯ ಚಿಪ್ಪು ಕಲ್ಲಾದದ್ದು ಅದು ಎಂದು ತಮ್ಮ ಹೇಳಿದ. ಅಮ್ಮ "ಹಾಗಾದ್ರೆ ಕ್ಷೀರಸಾಗರದ್ದೇ ಆಯ್ತಲ್ಲ" ಅಂದರು.

ಮುಕ್ತಿನಾಥದಲ್ಲಿ ಗುಡಿಯ ಹಿಂದೆ 108 ಹಿತ್ತಾಳೆ ಬಾಯಿಗಳಿಂದ ಹಿಮದ ನೀರು ಬೀಳುತ್ತದೆ. ತಮ್ಮ ಎಲ್ಲದರ ಕೆಳಗೂ ಓಡಿದ, ಅಮ್ಮನಿಗೆ ನಾನು ಪ್ರೋಕ್ಷಣೆ ಮಾಡಿದೆ. ಅಲ್ಲಿ ಸೇವೆಗಿರುವವರಲ್ಲಿ ಬೌದ್ಧ ಸನ್ಯಾಸಿನಿಯರೂ ಇದ್ದಾರೆ. ಪಕ್ಕದ ಜ್ವಾಲಾಮಾಯಿಯಲ್ಲಿ ಕಲ್ಲಿನ ಸಂದಿಯಿಂದ ಬರುವ ಅನಿಲದ ನೀಲಿ ಜ್ವಾಲೆಯನ್ನು ಒಬ್ಬ ಆನಿ (ಸನ್ಯಾಸಿನಿ) ಪರದೆ ಸರಿಸಿ ತೋರಿಸಿದರು. ಮೇಲಿನವರೆಗೆ ಅಮ್ಮ ಕುದುರೆಯಲ್ಲಿ ಬಂದರು. ಸ್ವಲ್ಪ ಏದುಸಿರು ಬಿಟ್ಟರೆ ಏನೂ ಆಗಲಿಲ್ಲ. ಎರಡು ಗಂಟೆಗೆಲ್ಲ ಇಳಿದೆವು. ಪಕ್ಕದ ತಂಡದಲ್ಲಿ ಹಿಂದಿನ ದಿನ ಪೋಖರಾದಿಂದ ನೇರ ಬಂದು ಅಲ್ಲೇ ಮಲಗಿದ್ದ ಹಿರಿಯರೊಬ್ಬರಿಗೆ ಆಮ್ಲಜನಕ ಕೊಡುತ್ತಿದ್ದರು. ಶೋಲಾಕಾಡು ಸರ್, ನಿಮ್ಮ ಮಾತು ಆಗ ಪೂರ್ತಿ ಅರ್ಥವಾಯಿತು.

ಬೇಸ್ ಕ್ಯಾಂಪ್ ಚಾರಣ ಗೈಡ್ ಜೊತೆ ಏಳು ದಿನದಲ್ಲಿ ಮುಗಿಯಿತು. ನರಕ ಚತುರ್ದಶಿಯ ದಿನ ದೋವಾನ್‌ನಲ್ಲಿದ್ದೆ. ಮನೆಯಲ್ಲಾದರೆ ಎಣ್ಣೆಸ್ನಾನ, ಅಲ್ಲಿ ಅಂದು ಕುಕುರ್ ತಿಹಾರ್. ಲಾಡ್ಜಿನ ದಿದಿ ತಮ್ಮ ನಾಯಿಗೆ ಹಣೆಗೆ ಟೀಕಾ ಇಟ್ಟು, ಚೆಂಡುಹೂವಿನ ಹಾರ ಹಾಕಿ, ಆರತಿ ಎತ್ತಿ, ಆಮೇಲೆ ನಮಗೆ ಚಹಾ ಕೊಟ್ಟರು. ಆ ನಾಯಿ ಹಾರ ಹಾಕಿಕೊಂಡೇ ಹಿಮಾಲಯ ಊರಿನವರೆಗೆ ನಮ್ಮ ಮುಂದೆ ನಡೆಯಿತು.

ಜಯನಗರ_4ನೇ_ಬ್ಲಾಕ್

ಓದಿ ಸಂತೋಷವಾಯಿತು ಮೇಡಂ. ಮಾವನವರು ಈಗ ರಸ್ತೆಯಲ್ಲೇ ಹೋಗಬೇಕು ಅನ್ನುತ್ತಿದ್ದಾರೆ, 75 ವರ್ಷ. ಏಪ್ರಿಲ್ ಆಗಬಹುದೇ? ಕಾಗಬೇನಿಯಲ್ಲಿ ಮೆಟ್ಟಿಲಿಲ್ಲದ, ನೆಲದ ಅಂತಸ್ತಿನಲ್ಲೇ ಕೋಣೆ ಇರುವ ವಸತಿ ಸಿಗುತ್ತದೆಯೇ?

ತುಂಗಾತೀರ

ಸಿಗುತ್ತದೆ. ಮೊದಲೇ ಫೋನ್ ಮಾಡಿ ಕೆಳಗಿನ ಕೋಣೆ, ಕೋಣೆಯೊಳಗೇ ಶೌಚಾಲಯ, ಎರಡನ್ನೂ ಕೇಳಿ. ನಾವು ಕೇಳದೆ ಹೋಗಿ ಮೊದಲ ರಾತ್ರಿ ಅಮ್ಮ ಏಣಿಯಂಥ ಮೆಟ್ಟಿಲು ಹತ್ತಬೇಕಾಯಿತು. ಏಪ್ರಿಲ್ ಬಗ್ಗೆ ಶೋಲಾಕಾಡು ಸರ್ ಹೇಳಲಿ.

ಶೋಲಾಕಾಡು

ಏಪ್ರಿಲ್ ಒಳ್ಳೆಯದೇ. ಮಧ್ಯಾಹ್ನದ ಗಾಳಿಗೆ ಧೂಳು ಏಳುತ್ತದೆ, ಮಾವನವರಿಗೆ ಮಾಸ್ಕ್, ಕಿವಿ ಮುಚ್ಚುವ ಟೋಪಿ ಇರಲಿ. ಬೆಳಿಗ್ಗೆ ಆರಕ್ಕೆ ಹೊರಟು ಹನ್ನೊಂದರೊಳಗೆ ಆ ದಿನದ ದಾರಿ ಮುಗಿಸಿ. ಮಾತ್ರೆಗಳ ಚೀಟಿಯನ್ನು ಡಾಕ್ಟರಿಗೆ ತೋರಿಸಿ ಬಂದ ಮೇಲೆ ಇಲ್ಲೇ ಬರೆಯಿರಿ, ದಿನಗಳನ್ನು ಕೂತು ಹೊಂದಿಸೋಣ.